ಕಳಿಸುವ ತಾಲೀಮು

"ಇನ್ನೊಂದು ದಿಂಬು ಕೊಡ್ರೋ, ತಲಿ ವಾಲಾಕತ್ತೈತಿ," ಎಂದು ನಾಟಕದ ಮಾಸ್ತರ ಗೋಪಣ್ಣ ಕೂಗಿದ.

ಸ್ನಾನ ಮಾಡಿಸಿ ಹೊಸ ಬಟ್ಟೆ ತೊಡಿಸಿದ ಅಮರಗುಂಡಪ್ಪನ ದೇಹವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ಹಣೆಯಲ್ಲಿ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ದಿಂಬು ಇಟ್ಟ ಮೇಲೆ ತಲೆ ನಿಂತಿತು.

"ನನ್ನ ನಾಟಕದಾಗ ಹನ್ನೆರಡು ಸಲ ಸತ್ತಾನ. ಒಂದಸಲನೂ ಹಿಂಗ ಸುಮ್ಮ ಇರಲಿಲ್ಲ, ಕೆಮ್ಮತಿದ್ದ," ಎಂದ ಗೋಪಣ್ಣ. ನಕ್ಕವರು ನಗುತ್ತಲೇ ಕಣ್ಣೊರೆಸಿಕೊಂಡರು.

ಅಮರಗುಂಡಪ್ಪ ವಳಕಮದಿನ್ನಿಯಲ್ಲಿ ಭತ್ತ ಬೆಳೆದು ಬದುಕಿದವನು. ಸುಗ್ಗಿ ಮುಗಿದ ಮೇಲೆ ಊರವರು ಆಡುವ ನಾಟಕಗಳಲ್ಲಿ ಮೂವತ್ತು ವರ್ಷ ತಂದೆಯ ಪಾತ್ರ ಅವನದೇ. ಮಗಳನ್ನು ಗಂಡನ ಮನೆಗೆ ಕಳಿಸುವ ದೃಶ್ಯದಲ್ಲಿ ಅವನು ಅತ್ತರೆ ಜವಳಗೇರಾದ ಗಂಡಸರೂ ಮೂಗು ಸೀನುತ್ತಿದ್ದರು.

ಅವನ ಒಬ್ಬಳೇ ಮಗಳು ಭಾಗ್ಯಶ್ರೀ ಮಸ್ಕಿಯಿಂದ ಬಂದು ಮೂರು ತಾಸಾಗಿತ್ತು. ಕಣ್ಣು ಇನ್ನೂ ಒದ್ದೆಯಾಗಿರಲಿಲ್ಲ.

"ಒಂದಸಲ ಅಪ್ಪಾ ಅನ್ನ ಯವ್ವಾ, ಮಂದಿ ನೋಡಾಕತ್ತೈತಿ," ಎಂದು ತಾಯಿ ಕಲ್ಯಾಣಮ್ಮ ಬೇಡಿಕೊಂಡಳು.

"ಮಂದಿ ಮುಂದ ಅಳೂದು ಅಪ್ಪಗ ಬರ್ತಿತ್ತು. ನನಗ ಬರೂದಿಲ್ಲ."

*

ಹದಿನೆಂಟು ವರ್ಷದ ಹಿಂದೆ, ಉಡಿ ತುಂಬಿ ಅವಳನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ಅಪ್ಪ ಕಾಣಲಿಲ್ಲ.

"ಕಾಲುವಿ ನೀರಿನ ಪಾಳಿ ಬಂದೈತಂತ, ಗದ್ದಿಗೆ ಹೋಗ್ಯಾನ," ಎಂದರು ಯಾರೋ.

ಜೀಪು ಕಾಲುವೆ ಏರಿಯ ಮೇಲೆ ಸಾಗುವಾಗ ದೂರದ ಗದ್ದೆಯಲ್ಲಿ ಸಲಿಕೆ ಹಿಡಿದು, ಬೆನ್ನು ತಿರುಗಿಸಿ ನಿಂತವನನ್ನು ಅವಳು ಕಂಡಳು. ಊರೂರಲ್ಲಿ ಸುಳ್ಳು ಮಗಳಿಗೆ ಅತ್ತವನಿಗೆ ಹೆತ್ತ ಮಗಳಿಗಾಗಿ ಅರ್ಧ ತಾಸು ಸಿಗಲಿಲ್ಲ. ಅಂದಿನಿಂದ ಅವಳು ತವರಿಗೆ ನೆಂಟಳಂತೆ ಬಂದು ಹೋದಳು. ಅಪ್ಪ "ಉಂಡ್ಯೇನವ್ವಾ?" ಎನ್ನುವನು. ಅವಳು "ಹ್ಞೂಂ" ಎನ್ನುವಳು. ಅಷ್ಟೇ.

*

ಮಧ್ಯಾಹ್ನ ಲಿಂಗಸುಗೂರಿನ ಹಸೀನಾಬೀ ಬಂದಳು. ನಾಟಕಗಳಲ್ಲಿ ಅವನ ಮಗಳಾಗಿ ನಟಿಸುತ್ತಿದ್ದವಳು. ಈಗ ಅವಳದೂ ತಲೆ ನೆರೆತಿತ್ತು. ಹೊಸ್ತಿಲಲ್ಲೇ "ಅಪ್ಪಾ!" ಎಂದು ಕುಸಿದು ಕೂತಳು.

"ಇಲ್ಲಿ ಪರದೆ ಕಟ್ಟಿಲ್ಲಬೇ," ಎಂದಳು ಭಾಗ್ಯಶ್ರೀ. "ಯಾರಿಗೆ ತೋರಸಾಕತ್ತಿ?"

"ಬೈಯಿ ತಂಗಿ. ನಿನ್ನ ಪಾಲು ನಾ ಉಂಡೀನಂತ ತಿಳದಿ." ಹಸೀನಾಬೀ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನ್ನ ಮದುವಿಗೆ ಇನ್ನ ಎಂಟು ದಿನ ಇತ್ತು. ಸಿಂಧನೂರಾಗ ಬಸ್ ಹಿಡಿದು ನಮ್ಮ ಮನಿಗೆ ಬಂದ. 'ಹಸೀನವ್ವ, ನೀ ನನ್ನ ಭಾಗ್ಯಾ ಆಗಿ ನಿಲ್ಲು. ಕಳಿಸೂದು ತಾಲೀಮು ಮಾಡ್ಕೊಂತೀನಿ' ಅಂದ. ಅಂಗಳದಾಗ ನಿಂತೆ. ಬಾಯಿ ತೆರೀತಾನ, ಮಾತ ಬರವಲ್ದು."

"ನಾಟಕದ ಮಾತು ಬರ್ತಿದ್ದವಲ್ಲ?"

"ನಾನೂ ಅದನ್ನ ಅಂದೆ. 'ಅವನ್ನ ಊರೂರಾಗ ಆಡೀನಿ. ಎಂಜಲ ಮಾತು ಮಗಳಿಗೆ ಹೆಂಗ ಕೊಡ್ಲಿ? ನನ್ನವು ಬೇಕು' ಅಂದ. ಸಂಜೀತನ ನಿಂತ. ಒಂದೂ ಸಿಗಲಿಲ್ಲ."

ಭಾಗ್ಯಶ್ರೀ ಗೋಪಣ್ಣನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ.

"ಆವತ್ತು ನೀರಿನ ಪಾಳಿ ನಂದಿತ್ತು ಯವ್ವಾ. ನಿಮ್ಮ ಗದ್ದಿ ಒಣಗಿತ್ತು."

"ಇಷ್ಟು ವರ್ಷ ಯಾರೂ ಯಾಕ ಹೇಳಲಿಲ್ಲ?"

"ಆಣಿ ಹಾಕಿಸಿಕೊಂಡಿದ್ದ," ಎಂದಳು ಹಸೀನಾಬೀ. "ಮಾತು ಸಿಕ್ಕ ದಿನ ನಾನ ಹೇಳ್ತೀನಿ ಅಂದಿದ್ದ."

ಹೊರಗೆ ಟ್ರ್ಯಾಕ್ಟರ್ ಸಿದ್ಧವಾಯಿತು. ಹೂವಿನ ಮಂಟಪದಲ್ಲಿ ಅಮರಗುಂಡಪ್ಪನನ್ನು ಕೂರಿಸಿದರು. ಶಿವನ ನಾಮದ ಭಜನೆ ಏರಿತು. ಮಠದ ಅಯ್ಯನವರು ಕರೆದರು, "ಮಗಳು ಬಂದು ಕಡೀ ಮಾತು ಆಡಲಿ."

ಭಾಗ್ಯಶ್ರೀ ಟ್ರಾಲಿ ಹತ್ತಿದಳು. ಜನ ಕತ್ತೆತ್ತಿ ನಿಂತರು. ಅವಳು ಬಾಯಿ ತೆರೆದಳು. ಅಪ್ಪಾ ಎಂಬುದೂ ಹೊರಡಲಿಲ್ಲ.

ಅವಸರದಲ್ಲಿ ಯಾರೋ ಅಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿದ್ದರು. ಒಂದು ಅಂಚು ಮೇಲೆ, ಒಂದು ಕೆಳಗೆ. ಅವಳು ಹೂವಿನ ಹಾರವನ್ನು ಪಕ್ಕಕ್ಕೆ ಸರಿಸಿ, ಮಂಡಿಯೂರಿ, ಗುಂಡಿಗಳನ್ನೆಲ್ಲ ಬಿಚ್ಚಿದಳು. ಕೊರಳಿನಿಂದ ಒಂದೊಂದಾಗಿ ಹಾಕತೊಡಗಿದಳು. ಟ್ರ್ಯಾಕ್ಟರ್ ಚಾಲೂ ಮಾಡಿದ್ದ ಚಾಲಕ ವೀರೇಶ ತಿರುಗಿ ನೋಡಿ ಎಂಜಿನ್ ನಿಲ್ಲಿಸಿದ. ಭಜನೆಯ ತಾಳವೂ ನಿಂತಿತು.

ಮೂರನೆಯ ಕಾಜ ಬಿಗಿಯಾಗಿತ್ತು. ಅವಳು ಅವಸರ ಮಾಡಲಿಲ್ಲ.