ಹಿತ್ತಾಳೆ ಎಂಜಿನ್ನಿನ ಆಯುಧ ಪೂಜೆ

ಸಿಂಧನೂರಿನ ಅಮರೇಗೌಡನಿಗೆ ಹಳೆಯ ಹಿತ್ತಾಳೆಯ ಆಟದ ಉಗಿ ಎಂಜಿನ್ನುಗಳನ್ನು ಕೊಳ್ಳುವ ಹುಚ್ಚು. ಕೊಂಡದ್ದನ್ನು ಬಿಚ್ಚಿ, ಬೆಸುಗೆ ಹಾಕಿ, ಹೊಸ ಮೋಟಾರು ಕೂಡಿಸಿ ಸುಧಾರಿಸುವ ಹುಚ್ಚು ಅದಕ್ಕಿಂತ ದೊಡ್ಡದು. ಇವನ ಕೈ ಸೋಕುವವರೆಗೂ ಅವೆಲ್ಲ ನೆಟ್ಟಗೇ ಓಡುತ್ತಿದ್ದವೆಂದು ಹೆಂಡತಿ ಚನ್ನಬಸಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಈ ಸಲ ಮಸ್ಕಿಯ ಗುಜರಿಯಲ್ಲಿ ಸಿಕ್ಕಿದ್ದನ್ನು ಸುಧಾರಿಸಿ, ಆಯುಧ ಪೂಜೆಯ ದಿನ ಓಡಿಸುತ್ತೇನೆಂದು ಲಿಂಗಸುಗೂರಿನ ಬೀಗರನ್ನು ಬೇರೆ ಕರೆಸಿದ್ದ. ಮೇಜಿನ ಮೇಲೆ ಹಳಿ ಜೋಡಿಸಿ, ಎಂಜಿನ್ನಿಗೆ ವಿಭೂತಿ ಬಳಿದು, ಹಾರ ಹಾಕಿ, ಲಾರಿಗೆ ಇಡುವಂತೆ ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟ. ಹಣ್ಣು ಎಂಜಿನ್ನಿನ ಮೋರೆಯಷ್ಟೇ ಎತ್ತರ. ಇದನ್ನು ತುಳಿದು ಹೋಗುತ್ತದಂತೆ! ಚನ್ನಬಸಮ್ಮನ ತುಟಿ ಸೊಟ್ಟಗಾಯಿತು.

ಗೌಡ ಗುಂಡಿ ಒತ್ತಿದ. ಎಂಜಿನ್ನು ಗುರ್ರೆಂದು ಹೋಗಿ ಹಣ್ಣಿಗೆ ಗುದ್ದಿ, ಹಳಿ ತಪ್ಪಿ, ಮೇಜಿನಿಂದ ಬಿದ್ದು ಚಿಮಣಿ ಮುರಿದುಕೊಂಡಿತು. ನಿಂಬೆಹಣ್ಣಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಹಣ್ಣು ಭಾಳ ಗಟ್ಟಿ ಇತ್ತು ನೋಡ್ರಿ," ಎಂದ ಗೌಡ, ಬೀಗರ ಕಡೆ ತಿರುಗಿ.

ಚನ್ನಬಸಮ್ಮ ಹಣ್ಣನ್ನು ಎತ್ತಿಕೊಂಡಳು.

"ಇದಕ್ಕರ ನೀವು ಕೈ ಹಚ್ಚಬ್ಯಾಡ್ರಿ. ಬೀಗರಿಗೆ ಶರಬತ್ತರ ಆಗ್ಲಿ."