ಹಗೇವಿನ ಮೇವು

ನನ್ನ ಗಂಡ ನಂದೀಶ್ವರಯ್ಯನವರಿಗೆ ಊರೆಂದರೆ ಭಯ. ಊರ ಹಿರಿಯರು ಕೆಮ್ಮಿದರೂ ಇವರು ಎದ್ದು ನಿಲ್ಲುತ್ತಿದ್ದರು. ನನಗೆ ಆ ಭಯವಿರಲಿಲ್ಲ. ಇದ್ದದ್ದು ಒಂದೇ ಚಿಂತೆ: ತವರಿನಿಂದ ನನ್ನ ಜೊತೆ ಬಂದ ಹಸು ಕೆಂದಿ ಈ ಬೇಸಿಗೆ ದಾಟಬೇಕು. ಹಿಂದಿನ ಬೇಸಿಗೆಯಲ್ಲಿ, ಜೊತೆಗೇ ಬಂದಿದ್ದ ಅವಳ ತಾಯಿ ನಿಡುಗಲ್ ಬೆಟ್ಟದ ಬುಡದಲ್ಲಿ ಒಣಹುಲ್ಲಿನ ಬೇರು ಕಚ್ಚುತ್ತಲೇ ಬಿದ್ದು ಸತ್ತಿದ್ದಳು. ಅದನ್ನು ಕಣ್ಣಾರೆ ಕಂಡವಳು ನಾನು.

ಮಳೆಗಾಲದಲ್ಲಿ ಮಹಾರಾಜರ ಸರ್ಕಾರದ ಬೇಸಾಯದ ಇಲಾಖೆಯವರೊಬ್ಬರು ಪಾವಗಡದಿಂದ ಬಂದು ನಮ್ಮ ಜಗಲಿಯ ಮೇಲೆ ಕೂತು ಹೇಳಿದರು: ಹಸಿ ಜೋಳದ ದಂಟು ಕೊಚ್ಚಿ ಗುಂಡಿಗೆ ತುಂಬಿ, ಗಾಳಿ ಉಳಿಯದಂತೆ ತುಳಿದು, ಮೇಲೆ ಮಣ್ಣು ಮೆತ್ತಿ. ಬೇಸಿಗೆಯಲ್ಲಿ ತೆಗೆದಾಗ ಹುಳಿವಾಸನೆ ಬರುತ್ತದೆ, ಹೆದರಬೇಡಿ. ಹಾಲು ಕರೆದ ಮೇಲೆ ಹಾಕಿದರೆ ಹಾಲಿಗೆ ವಾಸನೆ ತಾಗುವುದಿಲ್ಲ. ಗಂಡಸರೆಲ್ಲ ತಲೆದೂಗಿದರು, ಆತ ಅತ್ತ ಹೋದೊಡನೆ ಬಿದ್ದು ಬಿದ್ದು ನಕ್ಕರು. ಬಾಗಿಲ ಮರೆಯಲ್ಲಿದ್ದ ನಾನು ನಗಲಿಲ್ಲ.

ಹಿತ್ತಿಲಲ್ಲಿ ರಾಗಿ ತುಂಬಿಡುವ ನೆಲದ ಕಣಜ, ನಮ್ಮ ಹಗೇವು, ಆ ವರ್ಷ ಬರಿದಾಗಿತ್ತು. ತೆನೆ ಕಟ್ಟದೆ ನಿಂತಿದ್ದ ಜೋಳವನ್ನು ಹಸಿರಿರುವಾಗಲೇ ಕೊಯ್ದು ತಂದೆ. ಕೊಚ್ಚಿ ಕೊಚ್ಚಿ ಅಂಗೈಯೆಲ್ಲ ಬೊಬ್ಬೆ. ಒಳಗಿಳಿದು ನಾನೇ ತುಳಿದೆ. ಗಂಡ ಮೇಲೆ ನಿಂತು, "ಯಾರಾನ ನೋಡಿದ್ರೆ ಏನಂದ್ಕಂಡಾರು" ಅಂತ ಜಪ ಮಾಡುತ್ತಿದ್ದರು. ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದೆ.

ಶಿವರಾತ್ರಿ ಕಳೆದ ಮೇಲೆ ತೆರೆದೆ. ಕೆಂದಿ ಮೊದಲ ದಿನ ಮೂಸಿ ಮುಖ ತಿರುಗಿಸಿದಳು, ಮಾರನೆಯ ದಿನ ಬುಟ್ಟಿಯ ತಳ ನೆಕ್ಕಿದಳು. ಹಗಲೆಲ್ಲ ಬೆಟ್ಟ ಸುತ್ತಿ ಅರೆಹೊಟ್ಟೆಯಲ್ಲಿ ಬರುವವಳಿಗೆ ಸಂಜೆ ಕರೆದ ಮೇಲೆ ಒಂದು ಬುಟ್ಟಿ ಮೇವು. ಊರಿನ ಹಸುಗಳೆಲ್ಲ ಬತ್ತಿಹೋಗಿದ್ದವು, ಅವಳ ಕೆಚ್ಚಲು ಮಾತ್ರ ತುಂಬಿತ್ತು. ಈಶ್ವರನ ಅಭಿಷೇಕಕ್ಕೂ ಅವಳ ಹಾಲೇ, ಪೂಜೆಯ ಪರ್ವತಯ್ಯನವರ ಮೊಮ್ಮಗನಿಗೂ ಅವಳ ಹಾಲೇ.

ಅದೇ ಅವರ ಕಣ್ಣು ಕುಕ್ಕಿತು. ಒಂದು ಬೆಳಿಗ್ಗೆ ಪರ್ವತಯ್ಯ ನೇರ ಹಿತ್ತಿಲಿಗೇ ನುಗ್ಗಿ, ಹಗೇವಿನ ಮೇಲೆ ಬಗ್ಗಿ, ಮೂಗಿಗೆ ವಲ್ಲಿ ಒತ್ತಿಕೊಂಡರು.

"ಥೂ! ಹೆಂಡದ ವಾಸ್ನೆ ಕಣಯ್ಯ ನಂದೀಶ್ವರಯ್ಯ! ಲಿಂಗ ಕಟ್ಟಿದೋರ ಮನೇಲಿ ಇದೇನಯ್ಯ ಕೆಲ್ಸ? ಇದನ್ನ ತಿಂದ ಹಸೀನ ಹಾಲ್ನ ಸ್ವಾಮಿ ಮೇಲೆ ಸುರುದ್ಬುಟ್ನಲ್ಲಯ್ಯ!"

"ಇದು ಜೋಳದ ದಂಟು, ಅಯ್ನೋರೇ," ಎಂದೆ ನಾನು. "ನಿಮ್ಮ ಮೊಮ್ಮಗ ದಿನಾ ಕುಡೀತಾನಲ್ಲ, ಅವನಿಗೇನಾರ ಅಮಲು ಹತ್ತೈತಾ?"

"ನಿಮ್ಮನೇಲಿ ಹೆಂಗಸ್ರ ನಾಲ್ಗೆ ಉದ್ದ ಆಯ್ತು ಕಣಯ್ಯ," ಎಂದರು ಗಂಡನ ಕಡೆ ತಿರುಗಿ. ಹಾಲಿನಲ್ಲಿ ಯಾವ ವಾಸನೆಯೂ ಇರಲಿಲ್ಲ, ಇದ್ದದ್ದೆಲ್ಲ ಅವರ ಹೊಟ್ಟೆಕಿಚ್ಚು.

ಅಂದೇ ಮಧ್ಯಾಹ್ನ ಚಾವಡಿಯಲ್ಲಿ ತೀರ್ಮಾನವಾಯಿತು. ಮೇವನ್ನೆಲ್ಲ ತೆಗೆದು ತಿಪ್ಪೆಗೆ ಎಸೆಯಬೇಕು, ಶುದ್ಧಿಯಾಗುವವರೆಗೆ ಕೆಂದಿಯನ್ನು ಕಟ್ಟಿಹಾಕಬೇಕು. ಇಲ್ಲದಿದ್ದರೆ ಊರಲ್ಲಿ ನಮಗೆ ನೀರು ಬೆಂಕಿ ಇಲ್ಲ. ನನ್ನ ಗಂಡ ಕೈಮುಗಿದು ಒಪ್ಪಿ ಬಂದರು. ತಾವೇ ಹಗೇವಿಗೆ ಇಳಿದು ಬುಟ್ಟಿ ಬುಟ್ಟಿ ಎತ್ತಿ ಬೀದಿ ಬದಿಯ ತಿಪ್ಪೆಗೆ ಸುರಿದರು. ತುಂಬುವಾಗ ಬಗ್ಗದ ಸೊಂಟ ಆಗ ಚೆನ್ನಾಗಿ ಬಗ್ಗಿತು.

ಸಂಜೆ ಬೆಟ್ಟದಿಂದ ಇಳಿದ ಊರ ದನ ಆ ವಾಸನೆಗೆ ಓಡಿ ಬಂದು ತಿಪ್ಪೆಗೆ ಮುತ್ತಿದವು. ಎಲ್ಲದರ ಮುಂದೆ ಪರ್ವತಯ್ಯನವರ ಗಬ್ಬದ ಹಸು. ಒಬ್ಬರಾದರೂ "ಹೈ" ಎಂದು ಓಡಿಸಬೇಕಲ್ಲ? ಪರ್ವತಯ್ಯ ತಮ್ಮ ಜಗಲಿಯ ಮೇಲೆ ನಿಂತು ಆಕಾಶ ನೋಡುತ್ತಿದ್ದರು. ದನ ತಿಂದು ಉಳಿದದ್ದಕ್ಕೆ ಹೆಂಗಸರು ಮಂಕರಿ ತಂದರು. "ಗೊಬ್ಬರಕ್ಕೆ ಕಣಮ್ಮ," ಎಂದರು ಪರ್ವತಯ್ಯನವರ ಹೆಂಡತಿ ಚನ್ನಮಲ್ಲಮ್ಮ, ನಾಚಿಕೆಯಿಲ್ಲದೆ. ಕೊಟ್ಟಿಗೆಯ ಗೋದಲಿಗೆ ಹೋಗುವ ಗೊಬ್ಬರವನ್ನು ನಾನು ಅಂದೇ ಕಂಡದ್ದು.

ಕೆಂದಿ ಗೂಟದಲ್ಲಿ ಹಗ್ಗ ಜಗ್ಗಿ ಜಗ್ಗಿ ಅರಚುತ್ತಿದ್ದಳು. ಬಿಚ್ಚಲು ಹೋದರೆ ಗಂಡ ನನ್ನ ಕೈ ಹಿಡಿದರು.

"ಬ್ಯಾಡ ಕಣೇ, ಎಲ್ಲಾ ನೋಡ್ತಾವ್ರೆ."

"ಅವರ ಹಸ ತಿಂದ್ರೆ ಮೇವು, ನನ್ನ ಹಸ ತಿಂದ್ರೆ ಹೆಂಡವಾ? ಬುಡಿ ಕೈ!"

ಬಿಡಲಿಲ್ಲ. ಆ ಮನುಷ್ಯ ಜೀವಮಾನದಲ್ಲಿ ಗಟ್ಟಿಯಾಗಿ ಹಿಡಿದದ್ದು ಅದೊಂದನ್ನೇ.

ಶುದ್ಧಿಯ ದಿನ ಬರಲೇ ಇಲ್ಲ; ಗೂಟದಲ್ಲೇ ಉಳಿದ ಕೆಂದಿಗೆ ಸೂರಿನ ಹುಲ್ಲನ್ನೂ ಹಿರಿದು ಹಾಕಿದೆ. ವೈಶಾಖದ ಒಂದು ಬೆಳಿಗ್ಗೆ ಕೆಂದಿ ಏಳಲಿಲ್ಲ. ನಾನು ತಲೆ ತೊಡೆಯ ಮೇಲಿಟ್ಟುಕೊಂಡು ಕೂಗಿ ಕೂಗಿ ಅತ್ತೆ. ಮಧ್ಯಾಹ್ನದ ಹೊತ್ತಿಗೆ ಅವಳನ್ನು ಹೊತ್ತುಕೊಂಡು ಹೋದರು.

ಪರ್ವತಯ್ಯನವರ ಹಸು ಆಗ ತಾನೇ ಕರು ಹಾಕಿತ್ತು. ಮೊದಲ ಹಾಲಿನ ಗಿಣ್ಣು ಮಾಡಿ ಮನೆಮನೆಗೂ ಹಂಚುವುದು ವಾಡಿಕೆ. ಸಂಜೆ ಚನ್ನಮಲ್ಲಮ್ಮ ನಮಗೂ ಒಂದು ಬಟ್ಟಲು ಕಳಿಸಿದರು. ನನ್ನ ಗಂಡ ಗೋಡೆಗೆ ಒರಗಿ ಕೂತು ತಿಂದರು.

"ಬೆಲ್ಲ ಹದವಾಗೈತೆ," ಎಂದರು. "ನಿಂಗೂ ಒಂದು ಚೂರು ಮಡಗಿವ್ನಿ, ತಿನ್ನು."