ಟೋಪಿಯೊಳಗಿನ ಮೂರು ಹೆಸರು

"ಆರು ವರ್ಷವಂತೆ, ಆರು! ಯಾರ ಕಿವಿಗೆ ಹೂವ ಇಡ್ತೀಯೆ, ಲೌಡಿ? ಈ ಕತ್ತೆಗೆ ಒಂಬತ್ತಾದ್ರೂ ಆಗಿರ್ಬೇಕು. ಏಯ್, ಎತ್ತೇ ಆ ಬಕೀಟ!"

ಮೇಸ್ತ್ರಿ ಗಾಸ್ಪಾರ್ ನೀರು ತುಂಬಿದ ಬಕೆಟ್ಟನ್ನು ನನ್ನ ಮಗಳು ಲಿಜೆಟ್ ಮುಂದೆ ಕುಕ್ಕಿದ. ಎತ್ತಬೇಡ, ಕೆಡವಿಬಿಡು ಅಂತ ಅವಳಿಗೆ ನಾನು ಮೊದಲೇ ಹೇಳಿಕೊಟ್ಟಿದ್ದೆ. ಏಳು ತುಂಬದ ಕೂಸನ್ನು ತಾಯಿಯಿಂದ ಬೇರೆ ಮಾಡಬಾರದು ಅನ್ನುವುದೊಂದೇ ನಿಯಮ ನಮ್ಮ ಕಡೆಗಿದ್ದದ್ದು. ಮಗು ಹೇಳಿದಂತೆಯೇ ಮಾಡಿತು. ಬಕೆಟ್ ಉರುಳಿ, ಆಸ್ತಿ ಪಾಲು ಬರೆಯಲು ಬಂದಿದ್ದ ನೋಟರಿಯ ಬೂಟು ತೊಯ್ದುಹೋಯಿತು. ನನಗೆ ಒಳಗೊಳಗೇ ಖುಷಿ.

ನೋಟರಿ ಬೈಯಲಿಲ್ಲ. ಬೈಯದವರನ್ನು ಕಂಡರೆ ನನಗೆ ಇನ್ನೂ ಹೆಚ್ಚು ದಿಗಿಲು. ಅವನು ಕುಕ್ಕುರುಗಾಲಲ್ಲಿ ಕೂತು ಲಿಜೆಟ್‌ಳ ಗಲ್ಲ ಹಿಡಿದ.

"ಜಾಣೆ ನೀನು. ಹುಟ್ಟಿದ್ದು ಯಾವಾಗ, ಗೊತ್ತಾ ನಿಂಗೆ?"

"ಓ, ಗೊತ್ತು! ದೊಡ್ಡ ಗಾಳಿ ಬಂದ ದಿವ್ಸ. ಗಿರಣಿ ಸೂರು ಹಾರೋಗಿತ್ತಂತೆ. ನಮ್ಮವ್ವ ಕಬ್ಬಿನ ಬಂಡಿ ಕೆಳಗೆ ಹೆತ್ಲಂತೆ!"

ನಮ್ಮಲ್ಲಿ ವಯಸ್ಸು ಹೇಳುವುದೇ ಗಾಳಿಯ ಮೇಲೆ. ಯಾವ ಬಿರುಗಾಳಿಗೆ ಯಾರು ಹುಟ್ಟಿದರು, ಯಾವುದಕ್ಕೆ ಯಾರು ಸತ್ತರು, ಅಷ್ಟೇ ನಮ್ಮ ಪಂಚಾಂಗ. ಆ ಕಥೆಯನ್ನು ನೂರು ಸಲ ಹೆಮ್ಮೆಯಿಂದ ಹೇಳಿ ಅವಳನ್ನು ಮಲಗಿಸಿದವಳು ನಾನೇ. ನನ್ನ ನಾಲಿಗೆಗೆ ಬರೆ ಹಾಕಬೇಕು. ನೋಟರಿ ಬೆರಳು ಮಡಿಚಿ ಎಣಿಸಿ, ಎಂಟು ಎಂದು ಬರೆದುಕೊಂಡ.

ದೊಡ್ಡ ದಣಿ ಸತ್ತು ಮೂರು ತಿಂಗಳಾಗಿತ್ತು. ಮಕ್ಕಳು ಮೂವರು, ಲೂಸಿಯೆನ್, ಎಡ್ಮಂಡ್, ಕ್ಲಾರಿಸ್. ಅಪ್ಪನ ಹೆಣದ ಮುಂದೆಯೇ ಬೆಳ್ಳಿ ಚಮಚಕ್ಕೆ ಕಿತ್ತಾಡಿದ ಪುಣ್ಯವಂತರು. ಈಗ ಆಸ್ತಿ ಮೂರು ಪಾಲಾಗಬೇಕಿತ್ತು. ಆಸ್ತಿ ಅಂದರೆ ಕಬ್ಬಿನ ಹೊಲ, ಗಿರಣಿ, ಹೇಸರಗತ್ತೆ, ಆಮೇಲೆ ನಾವು.

ಅಂಗಳದ ಬಿಸಿಲಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ನೋಟರಿ ಓದಿದ. ಮೊದಲ ಪಾಲು ಹೊಲ, ಗಿರಣಿ, ಕಬ್ಬು ಕಡಿಯುವವರು. ಅದರಲ್ಲಿ ಪೆಲಾಜಿ, ಅಂದರೆ ನಾನು. ಎರಡನೆಯದು ದಕ್ಷಿಣದ ಕಡಲ ದಂಡೆಯ ಹುಲ್ಲುಗಾವಲು, ದನಕರು, ದನ ಕಾಯುವವರು. ಮೂರನೆಯದು ಪೋರ್ಟ್ ಲೂಯಿ ಪಟ್ಟಣದ ಮನೆ: ಪಲ್ಲಂಗ ಎರಡು, ನಿಲುವುಗನ್ನಡಿ ಒಂದು, ಲಿಜೆಟ್ ಒಂದು, ತಾಮ್ರದ ಹಂಡೆ ನಾಲ್ಕು.

ಯಾವ ಪಾಲು ಯಾರಿಗೇ ಹೋಗಲಿ, ನಾನೊಂದು ಕಡೆ, ನನ್ನ ಮಗಳೊಂದು ಕಡೆ. ಪೋರ್ಟ್ ಲೂಯಿಗೆ ಒಂದು ಹಗಲಿನ ದಾರಿ. ಅಪ್ಪಣೆಯಿಲ್ಲದೆ ಹೊರಟರೆ ಕಾಲಿಗೆ ಸರಪಳಿ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಲೇ ಇದ್ದೆ.

ದಣಿಯ ಮಕ್ಕಳ ಹೆಸರು ಬರೆದ ಮೂರು ಚೀಟಿಗಳನ್ನು ಸತ್ತವನ ಟೋಪಿಗೇ ಹಾಕಿದರು. ಮೊದಲು ಬಂದ ಹೆಸರಿಗೆ ಮೊದಲ ಪಾಲು, ಹೀಗೆ ಸಾಲಾಗಿ. ಎತ್ತುವವರು ಯಾರು? ಅಣ್ಣ ಎತ್ತಿದರೆ ತಂಗಿಗೆ ಅನುಮಾನ, ನೋಟರಿ ಎತ್ತಿದರೆ ಎಲ್ಲರಿಗೂ ಅನುಮಾನ.

"ನೆನೆನ್ ಎತ್ತಲಿ," ಎಂದಳು ಕ್ಲಾರಿಸ್. "ಅವಳಿಗೆ ಕಣ್ಣು ಕಾಣಲ್ಲ. ನಾವು ಮೂವರೂ ಅವಳ ಹಾಲು ಕುಡಿದವರು. ಭೇದ ಮಾಡಲ್ಲ."

ನೆನೆನ್ ಅಂದರೆ ನನ್ನವ್ವ. ದಣಿಗಳ ಮಕ್ಕಳಿಗೆ ಮೊಲೆಯೂಡಿಸಿದವಳನ್ನು ಹಾಗೇ ಕರೆಯುತ್ತಾರೆ. ನನಗೆ ಬರಬೇಕಾದ ಹಾಲು ಕುಡಿದು ಅವರು ದುಂಡಗಾದರು, ನಾನು ಮರಗೆಣಸಿನ ಗಂಜಿಯಲ್ಲಿ ಬದುಕಿದೆ. ಆ ಹೊಟ್ಟೆಕಿಚ್ಚು ನನಗಿನ್ನೂ ಆರಿಲ್ಲ. ಅವ್ವನ ಹೆಸರು ಯಾವ ಪಾಲಿನಲ್ಲೂ ಇರಲಿಲ್ಲ. ಕುರುಡು ಮುದುಕಿ ಯಾರಿಗೆ ಬೇಕು?

ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಟೋಪಿಯನ್ನು ಮಡಿಲಿಗಿಟ್ಟರು. ದಣಿಗಳ ಎದುರು ಅವಳು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

"ಲೂಸಿಯೆನ್ ಮಗಾ," ಎಂದಳು ಅವ್ವ. "ಒಂದೇ ಒಂದು ಮಾತು ನಡ್ಸಿಕೊಡು. ತಾಯಿ ಮಗೀನ ಒಂದೇ ಕಡೆ ಹಾಕ್ಬುಡು. ನಿಂಗೆ ಸಿಡುಬು ಎದ್ದಾಗ ಹೆತ್ತೋಳು ಬಾಗ್ಲಾಚೆ ನಿಂತಿದ್ಲು. ಎತ್ಕಂಡು ಕೂತಿದ್ದೋಳು ನಾನು."

"ಅದು ಕಾನೂನು ನೆನೆನ್, ನನ್ನ ಕೈಲಿ ಏನಿದೆ? ಸುಮ್ನೆ ಎತ್ತು. ಹೊಸ ಲಂಗ ಹೊಲಿಸಿಕೊಡ್ತೀನಿ."

ಕ್ಲಾರಿಸ್ ಬೀಸಣಿಗೆ ಬೀಸಿಕೊಂಡಳು. "ಹುಡುಗಿಗೇನು ಕಷ್ಟ? ಪಟ್ಟಣದಲ್ಲಿ ನೆರಳಲ್ಲಿರ್ತಾಳೆ. ಈ ಜನಕ್ಕೆ ಒಂದು ವಾರ ಅಳು, ಆಮೇಲೆ ಮರೆತೇ ಹೋಗುತ್ತೆ."

"ಅಂಗಾ ತಾಯಿ?" ಎಂದಳು ಅವ್ವ.

ಟೋಪಿಯೊಳಗೆ ಕೈ ಹಾಕಿ ಒಂದು ಚೀಟಿ ಎತ್ತಿದಳು. ನೋಟರಿ ಕೈ ಚಾಚಿದ. ಅವ್ವ ಅದನ್ನು ಬಾಯಿಗೆ ಹಾಕಿಕೊಂಡು ಹಲ್ಲಿಲ್ಲದ ವಸಡಿನಲ್ಲಿ ನುರಿದು ನುಂಗಿದಳು. ಏನಾಯಿತೆಂದು ತಿಳಿಯುವಷ್ಟರಲ್ಲಿ ಉಳಿದೆರಡನ್ನೂ ಬಾಚಿ ತುರುಕಿಕೊಂಡಿದ್ದಳು.

"ನಿಮಗೆಲ್ಲ ಉಣ್ಸಿ ಉಣ್ಸಿ ಸಾಕಾಯ್ತು ಕಣ್ರಪ್ಪಾ. ಇವತ್ತು ನಾ ಉಂಡೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಲೂಸಿಯೆನ್ ಎದ್ದು ಬಂದವನೇ ಅವಳ ಕೆನ್ನೆಗೆ ಬಾರಿಸಿದ. ಅವಳ ಹಾಲಿನಲ್ಲಿ ಬಲಿತ ಕೈ ಅದು.

"ಮುದಿ ಸೂಳೆ! ಕೋಳಕ್ಕೆ ಹಾಕ್ರೋ ಇವಳನ್ನ!"

ಅವ್ವನನ್ನು ರಟ್ಟೆ ಹಿಡಿದು ಎಳೆದೊಯ್ದರು. ನೋಟರಿ ಬೇಸರವೇನೂ ಇಲ್ಲದೆ ಇನ್ನೊಂದು ಕಾಗದ ಹರಿದು ಮತ್ತೆ ಮೂರು ಹೆಸರು ಬರೆದ.

"ಮಗು ಎತ್ತಲಿ ಬಿಡಿ. ಮಕ್ಕಳ ಕೈಲಿ ಕಪಟ ಇರಲ್ಲ," ಎಂದು ಲಿಜೆಟ್ ಕಡೆ ಬೆರಳು ಆಡಿಸಿದ. "ಬಾ ಜಾಣೆ, ಒಂದೊಂದೇ ಎತ್ತಿಕೊಡು. ಸಕ್ಕರೆ ಕೊಡ್ತೀನಿ."

ಲಿಜೆಟ್ ಹೋದಳು. ದೊಡ್ಡವರು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕೆಂದು ಅವಳಿಗೆ ಕಲಿಸಿದ್ದೆ, ಏಟು ತಪ್ಪಲಿ ಎಂದು. ಟೋಪಿಯಿಂದ ಚೀಟಿ ಎತ್ತಿ ಹಿಡಿದು ನನ್ನ ಮುಖ ನೋಡಿದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಇವಳು ಪಲ್ಲಂಗದ ಜೊತೆ ಬಂಡಿ ಹತ್ತುತ್ತಾಳೆ. ಬಾಯಿ ಬಿಟ್ಟರೆ ಚಾಟಿ ಬೀಳುವುದು ಇವಳ ಬೆನ್ನಿಗೆ, ಎಂಟು ವರ್ಷದ ಬೆನ್ನಿಗೆ. ಯಾವ ತಾಯಿಗೂ ಬೇಡ ಆ ಗಳಿಗೆ.

"ತಿನ್ನು ಮಗಾ!" ಎಂದು ಕಿರುಚಿದೆ. "ತಿಂದುಬುಡು!"

ಗಾಸ್ಪಾರ್ ನನ್ನ ಕೂದಲು ಹಿಡಿದು ನೆಲಕ್ಕೆ ಕೆಡವಿ ಬೆನ್ನ ಮೇಲೆ ಮಂಡಿಯೂರಿದ. "ಉಗಿಯೇ, ಕತ್ತೆ ಮುಂಡೇದೆ! ಉಗಿ!" ಎಂದು ಮಗುವಿನತ್ತ ಅರಚಿದ. ಕೆನ್ನೆ ಮಣ್ಣಿಗೆ ಒತ್ತಿಹೋಗಿತ್ತು, ಬಿದ್ದಲ್ಲಿಂದಲೇ ನೋಡಿದೆ. ಎಡ್ಮಂಡ್ ಚಾಟಿಯ ಸುರುಳಿ ಬಿಚ್ಚುತ್ತ ಅವಳ ಕಡೆ ನಡೆದಿದ್ದ. ಲಿಜೆಟ್ ಅಗಿಯುತ್ತಲೇ ಎರಡನೇ ಚೀಟಿಗೆ ಕೈ ಹಾಕಿದಳು.